ಗುಂಗುರು ಕೂದಲು ಕಲಿತವನು

ಅವನು ಊರಿಗೆ ಹೋಗಿ ತಿಂಗಳಾಯಿತು. ಒಮಾನಿನ ಅಲ್ ಖೌದ್ ಬಡಾವಣೆಯ ಹಿಂದಿನ ಗಲ್ಲಿಯಲ್ಲಿ ಅವನಿದ್ದ ಸಲೂನಿನಲ್ಲಿ ಈಗ ಬೇರೊಬ್ಬ ಕತ್ತರಿ ಹಿಡಿದಿದ್ದಾನೆ. ಪಕ್ಕದ ಚಹಾದಂಗಡಿಯವನು ನನ್ನನ್ನು ಕಂಡಾಗಲೆಲ್ಲ, ನಿಮ್ಮ ದೋಸ್ತನ ಫೋನು ಬಂತಾ ಎಂದು ವಿಚಾರಿಸುತ್ತಾನೆ. ಬಂತು, ಆರಾಮಿದ್ದಾನೆ ಎನ್ನುತ್ತೇನೆ. ಒಂದೇ ತಾಲೂಕಿನಿಂದ ಬಂದು ಹನ್ನೊಂದು ವರ್ಷ ಒಂದೇ ಗಲ್ಲಿಯಲ್ಲಿ ಓಡಾಡಿದ ಇಬ್ಬರು ದೋಸ್ತರೇ ಆಗಿರಬೇಕೆಂದು ಅವನ ಎಣಿಕೆ. ನಿಜ ಹೇಳಬೇಕೆಂದರೆ ಆ ಮನುಷ್ಯನ ಮೇಲೆ ನನಗಿದ್ದದ್ದು ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ. ಊಟ ಮಾಡುವಾಗ ಅವನ ನೆನಪಾದರೆ ತಟ್ಟೆ ಸರಿಸಿ ಏಳುವಂಥದ್ದು.

ಆಫೀಸಿನಲ್ಲಿ ಕೂತು ಎಸಿ ಡಕ್ಟಿನ ಡ್ರಾಯಿಂಗ್ ಮಾಡುವವನಿಗೆ ಕ್ಷೌರ ಮಾಡುವವನ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನೀವು ಕೇಳಬಹುದು. ಅದನ್ನು ಹೇಳಲು ನನ್ನ ಹುಚ್ಚಿನಿಂದ ಶುರು ಮಾಡಬೇಕು. ಮಂಗಳೂರಿನ ಕಾಲೇಜಿನಲ್ಲಿದ್ದಾಗ ನನಗೆ ಹಿಪ್‌ಹಾಪ್ ಹಿಡಿಯಿತು. ಹಾಸ್ಟೆಲಿನ ಗೆಳೆಯನೊಬ್ಬನ ಕ್ಯಾಸೆಟ್ಟಿನಿಂದ ಶುರುವಾದದ್ದು. ಅಮೆರಿಕದ ಕಪ್ಪು ಹುಡುಗರು ಉಸಿರು ಬಿಡದೆ ಒದರುತ್ತಿದ್ದ ಮಾತುಗಳನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಅಂಥ ಹದಿನಾಲ್ಕು ನೋಟ್‌ಬುಕ್ಕುಗಳು ನನ್ನಲ್ಲಿವೆ. ಯಾವ ಹಾಡುಗಾರ ಯಾವ ಊರಿನ ಯಾವ ಬೀದಿಯವನು, ಯಾರಿಗೆ ಯಾರ ಜೊತೆ ಜಗಳ, ಯಾವ ಹಾಡಿನ ತಾಳ ಯಾವ ಹಳೆಯ ರೆಕಾರ್ಡಿನಿಂದ ಎತ್ತಿದ್ದು, ಎಲ್ಲ ಬಾಯಿಪಾಠ. ಸ್ನಾನ ಮಾಡುವಾಗ ಅವರ ಧ್ವನಿಯಲ್ಲೇ ಹಾಡುತ್ತೇನೆ. ಇಲ್ಲಿ ಇಂಡಿಯನ್ ಸ್ಕೂಲಿಗೆ ಹೋಗುವ ನನ್ನ ಮಗಳು, ಪ್ಲೀಸ್ ಅಪ್ಪಾ, ನನ್ನ ಫ್ರೆಂಡ್ಸ್ ಬಂದಾಗ ಆ ವಾಯ್ಸ್ ಬೇಡ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡದ್ದಿದೆ.

ಅದಕ್ಕೆಲ್ಲ ನಾನು ಕೊಟ್ಟುಕೊಂಡಿದ್ದ ಸಮರ್ಥನೆ ನನ್ನ ಬಣ್ಣ. ನಾನು ಕಪ್ಪು. ಶಾಲೆಯಲ್ಲಿ ನನ್ನನ್ನು ಕರಿಯ ಎಂದೇ ಕರೆಯುತ್ತಿದ್ದರು. ಮದುವೆಗೆ ಹುಡುಗಿ ನೋಡುವಾಗ ಒಂದೆರಡು ಕಡೆ ಅದೇ ಕಾರಣಕ್ಕೆ ತಪ್ಪಿಹೋಯಿತು. ಆ ಹಾಡುಗಳು ನನ್ನ ಸಂಕಟವನ್ನೇ ಹೇಳುತ್ತಿವೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಊರಲ್ಲಿ ನಮ್ಮದು ಜಮೀನುದಾರಿಕೆಯ ಗುತ್ತಿನ ಮನೆ, ಗದ್ದೆಯ ಕೆಲಸದವರು ಅಂಗಳದಾಚೆಯೇ ನಿಲ್ಲುವ ಮನೆ, ಎಂಬುದು ಆ ಹೊತ್ತಿಗೆ ನೆನಪಾಗುತ್ತಿರಲಿಲ್ಲ.

ಅಲ್ ಖೌದಿಗೆ ಮನೆ ಬದಲಾಯಿಸಿದ ಹೊಸತರಲ್ಲಿ, ಒಂದು ಶುಕ್ರವಾರ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಚಹಾಕ್ಕೆಂದು ಆ ಗಲ್ಲಿಗೆ ಹೋದೆ. ಸಲೂನಿನ ಮುಂದಿನ ಕಟ್ಟೆಯ ಮೇಲೆ ಆರೇಳು ಒಮಾನಿ ಹುಡುಗರು ವೃತ್ತವಾಗಿ ನಿಂತು ರ‍್ಯಾಪ್ ಹೇಳುತ್ತಿದ್ದರು. ಅಜ್ಜ ಅಜ್ಜಿಯರ ಕಾಲದಲ್ಲಿ ಜಂಜಿಬಾರಿನಿಂದ ಬಂದ ಕುಟುಂಬದವರು. ಮೈಬಣ್ಣ ಕಪ್ಪು, ಕೂದಲು ಬಿಗಿ ಗುಂಗುರು, ಮನೆಯಲ್ಲಿ ಸ್ವಾಹಿಲಿ, ಹೊರಗೆ ಅರಬಿ. ಒಬ್ಬ ನಿಲ್ಲಿಸಿದ ಶಬ್ದವನ್ನೇ ಎತ್ತಿಕೊಂಡು ಮುಂದಿನವನು ಹೇಳಬೇಕು, ಅದು ಅವರ ಕಟ್ಟು. ಇಪ್ಪತ್ತು ವರ್ಷ ಕ್ಯಾಸೆಟ್ಟಿನಲ್ಲಿ ಕೇಳಿದ್ದು ನನ್ನ ಮನೆಯಿಂದ ನೂರು ಹೆಜ್ಜೆಯಲ್ಲಿ ನಡೆಯುತ್ತಿತ್ತು. ಸೀದಾ ಒಳಗೆ ನುಗ್ಗಿ, ನನಗೆ ತುಂಬ ಇಷ್ಟವಾದ ಹಾಡೊಂದರ ಎಂಟು ಸಾಲು ಅಮೆರಿಕದ ಧ್ವನಿಯಲ್ಲಿ ಒದರಿದೆ. ಅದರಲ್ಲಿ ಆ ಶಬ್ದವಿತ್ತು. ಕಪ್ಪು ಜನ ತಮ್ಮತಮ್ಮೊಳಗೆ ಹೇಳಿಕೊಳ್ಳುವ, ಹೊರಗಿನವರು ಬಾಯಿಗೆ ತರಬಾರದ ಶಬ್ದ. ನಾನು ಎರಡು ಸಲ ಹೇಳಿದೆ.

ಯಾರೂ ಬೈಯಲಿಲ್ಲ. ಜುಮಾ ಎಂಬವನು ಅವರಲ್ಲಿ ಹಿರಿಯ. ಡ್ರೈವಿಂಗ್ ಕಲಿಸುವ ಕೆಲಸ, ಅವನ ಪಟ್ಟೆ ಬಳಿದ ಕಾರು ಅಲ್ಲೇ ನಿಂತಿರುತ್ತಿತ್ತು. ಅವನು ನನ್ನನ್ನು ಒಮ್ಮೆ ನೋಡಿ, ಮುಖ ತಿರುಗಿಸಿ ಚಹಾ ಹೇಳಲು ಹೋದ. ಉಳಿದವರು ಒಬ್ಬೊಬ್ಬರಾಗಿ ಜಾಗ ಬದಲಿಸಿದರು. ಎರಡೇ ನಿಮಿಷದಲ್ಲಿ ವೃತ್ತ ಬೇರೆ ಕಡೆ ಕಟ್ಟಿಕೊಂಡಿತ್ತು, ನಾನು ಹೊರಗಿದ್ದೆ. ಸಲೂನಿನ ಬಾಗಿಲಲ್ಲಿ ಬಟ್ಟೆ ಕೊಡವುತ್ತ ನಿಂತಿದ್ದ ತೆಳ್ಳಗಿನ ಮನುಷ್ಯನೊಬ್ಬ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡವನು, ಇದನ್ನೆಲ್ಲ ನೋಡಿದ. ನನ್ನ ಮುಖ ನೋಡಿಯೇ ಊರು ಗುರುತು ಹಿಡಿದ.

"ಮಂಗಳೂರು ಕಡೆಯವರಲ್ವಾ ನೀವು? ಬನ್ನಿ, ಒಳಗೆ ಎಸಿ ಉಂಟು" ಎಂದ.

ಹಾಗೆ ಪರಿಚಯವಾಯಿತು. ಊರು ಕೇರಿ ವಿಚಾರಿಸುವಾಗ ಇಬ್ಬರದೂ ಮನೆಮಾತು ತುಳು ಎಂದು ತಿಳಿಯಿತು. ಆದರೆ ಅವನು ನನ್ನ ಹತ್ತಿರ ತುಳುವಿನಲ್ಲಿ ಮಾತಾಡಲಿಲ್ಲ, ಹನ್ನೊಂದು ವರ್ಷವೂ ಮಾತಾಡಲಿಲ್ಲ. ನಾನು ತುಳುವಿನಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ. ಕಾರಣ ಹೊಳೆಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಅವನ ಮನೆತನದವರು ತಲೆಮಾರುಗಳಿಂದ ಕ್ಷೌರದವರು. ತುಳುವಿನಲ್ಲಾದರೆ ಗುತ್ತಿನ ಮನೆಯವನನ್ನು ಧಣಿ ಎನ್ನಬೇಕು, ಸೊಂಟ ಬಗ್ಗಿಸಿದ ಹಾಗೆ ಮಾತು ಬಗ್ಗಿಸಬೇಕು. ಕನ್ನಡದಲ್ಲಿ ಅದು ಬೇಡ, ಮಾರಾಯ್ರೆ ಎಂದರೆ ಮುಗಿಯಿತು. ಅವನ ಈ ಉಪಾಯ ನನಗೆ ಅರ್ಥವಾಗಿತ್ತು, ಸ್ವಲ್ಪ ಚುಚ್ಚಿಯೂ ಇತ್ತು. ಅವನು ನನಗಿಂತ ಹನ್ನೊಂದು ವರ್ಷ ದೊಡ್ಡವನು. ಆದರೂ ಇಲ್ಲಿಯವರೆಗೆ ಅವನು ಇವನು ಎಂದೇ ಬರೆದುಕೊಂಡು ಬಂದಿದ್ದೇನೆ. ಈಗ ಅವರು ಎಂದು ತಿದ್ದಿದರೆ ನಾಟಕವಾದೀತು.

ಆ ಸಲೂನಿನಲ್ಲಿ ಎರಡೇ ಕುರ್ಚಿ. ಒಂದರಲ್ಲಿ ಸದಾ ಒಬ್ಬ ಒಮಾನಿ ಹುಡುಗ, ಬೆಂಚಿನ ಮೇಲೆ ಇನ್ನು ನಾಲ್ವರು. ಪಕ್ಕದ ಸೀಬ್ ಪಟ್ಟಣದಿಂದ, ದೂರದ ಸುವೈಕಿನಿಂದ ಕೂಡ ಕಾರು ಹತ್ತಿ ಬರುತ್ತಿದ್ದರು. ಕಾರಣ ಆ ಗುಂಗುರು ಕೂದಲು. ಇಲ್ಲಿ ಕತ್ತರಿ ಹಿಡಿದವರೆಲ್ಲ ನಮ್ಮ ಕಡೆಯವರು, ಪಾಕಿಸ್ತಾನದವರು, ಬಂಗಾಳದವರು. ನಮ್ಮ ಕೈಗೆ ನೇರ ಕೂದಲೇ ಅಭ್ಯಾಸ. ಜುಮಾನಂಥವರು ಹೋಗಿ ಕೂತರೆ, ಇದಕ್ಕೆ ಜೀರೋ ಮಷೀನೇ ಗತಿ ಎಂದು ಬೋಳಿಸಿ ಕಳಿಸುತ್ತಿದ್ದರು. ಈ ಸಲೂನಿನ ಇವನೂ ಮೊದಲು ಹಾಗೆಯೇ ಮಾಡಿದವನು. ಒಂದು ದಿನ ಯೂನಿವರ್ಸಿಟಿಯ ಹುಡುಗನೊಬ್ಬ ಬೋಳಾದ ತಲೆಯನ್ನು ಕನ್ನಡಿಯಲ್ಲಿ ನೋಡಿ ದುಡ್ಡು ಕೊಟ್ಟು ಎದ್ದು ಹೋದನಂತೆ. ಬೈದಿದ್ದರೆ ಮರೆಯುತ್ತಿದ್ದೆ, ಅವ ಥ್ಯಾಂಕ್ಸ್ ಹೇಳಿ ಹೋದ ಮಾರಾಯ್ರೆ ಎಂದು ಇವನು ಹೇಳುತ್ತಿದ್ದ.

ಆಮೇಲೆ ಮಾಡಿದ ಕೆಲಸ ನೋಡಿ. ಜುಮಾನ ಅಜ್ಜಿ ಇಬ್ರಾ ಎಂಬ ಊರಿನಲ್ಲಿದ್ದಳು. ಮೊಮ್ಮಕ್ಕಳ ತಲೆಗಳೆಲ್ಲ ಅವಳ ಕೈಯಲ್ಲಿ ಬೆಳೆದವು. ಇವನು ವಾರದಲ್ಲಿ ಸಿಗುವ ಒಂದೇ ರಜೆಯ ಬೆಳಿಗ್ಗೆ ಬಸ್ಸು ಹತ್ತಿ ಎರಡು ಗಂಟೆ ದೂರದ ಇಬ್ರಾಕ್ಕೆ ಹೋಗಿ, ಆ ಮುದುಕಿಯ ಮುಂದೆ ಚಾಪೆಯಲ್ಲಿ ಕೂತು, ಮಕ್ಕಳ ತಲೆ ಬಾಚುವುದನ್ನು ಕಲಿತ. ಒಂದೆರಡು ದಿನವಲ್ಲ, ಒಂದು ಚಳಿಗಾಲ ಪೂರ್ತಿ. ಇಬ್ಬರಿಗೂ ಸಮಾನವಾದ ಭಾಷೆ ಒಂದೂ ಇರಲಿಲ್ಲ. ಒಣ ಕೂದಲಿಗೆ ಬಾಚಣಿಗೆ ಹಾಕಿದರೆ ಅವಳು ಅದೇ ಬಾಚಣಿಗೆಯಿಂದ ಕೈಗೆ ಹೊಡೆಯುತ್ತಿದ್ದಳಂತೆ. ಮೊದಲು ನೀರು, ಆಮೇಲೆ ಎಣ್ಣೆ, ಆಮೇಲೆ ತುದಿಯಿಂದ ಬುಡಕ್ಕೆ. ಬುಡದಿಂದ ಎಳೆದರೆ ಮಗು ಅಳುತ್ತದೆ. ಆ ಅಜ್ಜಿ ತೀರಿಕೊಂಡಾಗ ಹೆಣ ಎತ್ತಲು ಹೋದವರಲ್ಲಿ ಇವನೂ ಇದ್ದ.

ಇದನ್ನು ಕೇಳಿದಾಗ ನನಗೆ ಮೆಚ್ಚುಗೆಯಾಗಬೇಕಿತ್ತು. ಆಗಲಿಲ್ಲ. ನಾನು ಹದಿನಾಲ್ಕು ನೋಟ್‌ಬುಕ್ಕು ತುಂಬಿಸಿದವನು, ನನಗೆ ಹೊಳೆಯದ ದಾರಿ ಇವನಿಗೆ ಹೇಗೆ ಹೊಳೆಯಿತು ಎಂದು ಮೈ ಉರಿಯಿತು.

ಇವನಿಗೆ ರ‍್ಯಾಪಿನ ಗಂಧಗಾಳಿ ಇರಲಿಲ್ಲ. ಒಬ್ಬ ಹಾಡುಗಾರನ ಹೆಸರೂ ಗೊತ್ತಿರಲಿಲ್ಲ. ಸಲೂನಿನಲ್ಲಿ ರೇಡಿಯೋ ಕೂಡ ಇಡುತ್ತಿರಲಿಲ್ಲ, ಕತ್ತರಿ ಸದ್ದು ಕೇಳಬೇಕು ಎನ್ನುತ್ತಿದ್ದ. ಆದರೂ ಶುಕ್ರವಾರ ಹುಡುಗರು ಹೇಳಿ ಮುಗಿಸಿದ ಮೇಲೆ ನೋಡುತ್ತಿದ್ದದ್ದು ಇವನ ಮುಖವನ್ನು. ಬಾಗಿಲಿಗೆ ಒರಗಿ, ಮಡಚಿದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು, ಕಣ್ಣು ಸಣ್ಣ ಮಾಡಿ ಕೇಳುತ್ತಿದ್ದ. ಒಮ್ಮೆ ಜುಮಾ ಹೊಸದೊಂದನ್ನು ಹೇಳಿ, ಹೇಗಿತ್ತು ಎಂದ. ಅದರಲ್ಲಿ ಯಾರ ಶೈಲಿಯ ಛಾಯೆ ಇದೆ, ಎಲ್ಲಿಂದ ಬಂದದ್ದು ಎಂದು ನಾನು ಹತ್ತು ನಿಮಿಷ ವಿವರಿಸಿದೆ. ಜುಮಾ ಮರ್ಯಾದೆಗೆ ತಲೆಯಾಡಿಸಿದ. ಇವನು ಇಲ್ಲಿಯ ಹುಡುಗರಿಗೂ ತಿಳಿಯುವ ಹರಕು ಹಿಂದಿಯಲ್ಲಿ, ಮೂರನೇ ಸಾಲಿಗೆ ಮೊದಲು ನಿನ್ನ ಕುತ್ತಿಗೆ ಉಬ್ಬುತ್ತದೆ, ಉಸಿರು ಒಂದು ಸಾಲು ಮೊದಲೇ ತಗೋ ಎಂದ. ಕತ್ತಿ ಹಿಡಿದು ಕುತ್ತಿಗೆ ನೋಡುವವನಿಗೆ ಯಾರು ಯಾವಾಗ ಉಸಿರೆಳೆಯುತ್ತಾರೆ ಎಂಬುದು ತಿಳಿಯುತ್ತದಂತೆ. ಜುಮಾ ಹಾಗೆಯೇ ಮಾಡಿ ನೋಡಿದ. ಹಾಡು ಎದ್ದು ನಿಂತಿತು. ಅವತ್ತು ಮನೆಗೆ ಹೋಗಿ ಹೆಂಡತಿಯ ಮೇಲೆ ಸುಮ್ಮನೆ ರೇಗಿದೆ.

ನಾನು ಮೊದಲ ದಿನ ಹೊರಗುಳಿದವನು ನಾಲ್ಕೈದು ವಾರ ಚಹಾದಂಗಡಿಯ ಐಸ್‌ಪೆಟ್ಟಿಗೆಯ ಪಕ್ಕ ನಿಂತೇ ಕೇಳಿದೆ. ಆಮೇಲೆ ಒಂದು ಶುಕ್ರವಾರ ಜುಮಾ ಸ್ವಲ್ಪ ಸರಿದು ಜಾಗ ಬಿಟ್ಟ. ನನ್ನ ಜ್ಞಾನ ಕೊನೆಗೂ ಅವರಿಗೆ ಮುಟ್ಟಿತು ಎಂದುಕೊಂಡೆ. ಅಂದಿನಿಂದ ವೃತ್ತದಲ್ಲಿ ನಿಲ್ಲುತ್ತಿದ್ದೆ, ಚಪ್ಪಾಳೆ ಹಾಕುತ್ತಿದ್ದೆ. ಸರದಿ ಮಾತ್ರ ನನ್ನ ಹತ್ತಿರ ಬಂದು ದಾಟಿಹೋಗುತ್ತಿತ್ತು.

ಒಂದು ಸಲ ಇವನ ಕುರ್ಚಿಯಲ್ಲಿ ಕೂತು, ನನಗೂ ಜುಮಾನ ಹಾಗೆ ಸಣ್ಣ ಸಣ್ಣ ಜಡೆ ಹೆಣೆದುಕೊಡು ಎಂದೆ. ಇವನು ನನ್ನ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿ, ಕನ್ನಡಿಯಲ್ಲಿ ನನ್ನ ಮುಖ ನೋಡಿ, ನಿಲ್ಲುವುದಿಲ್ಲ ಮಾರಾಯ್ರೆ, ಜಾರಿಹೋಗ್ತದೆ ಎಂದ. ದುಡ್ಡು ಹೆಚ್ಚು ಕೊಡುತ್ತೇನೆ ಎಂದರೂ ಕೇಳಲಿಲ್ಲ. ನಿಮ್ಮನ್ನು ಕಂಡು ಅವರು ನಗಬಾರದಲ್ಲ ಎಂದು ಎಂದಿನಂತೆ ಕತ್ತರಿಸಿ ಕಳಿಸಿದ. ನನ್ನನ್ನು ಅವರಿಂದ ದೂರವಿಡಲೆಂದೇ ಹಾಗೆ ಮಾಡಿದ ಎಂದು ನಾನು ತಿಂಗಳುಗಟ್ಟಲೆ ಕುದಿದೆ.

ಕಳೆದ ವರ್ಷ ಜುಮಾನ ಗುಂಪು ಎಂಟು ಹಾಡುಗಳನ್ನು ರೆಕಾರ್ಡ್ ಮಾಡಲು ಹೊರಟಿತು. ಅದರಲ್ಲೊಂದು ಈ ಗಲ್ಲಿಯ ಹಾಡು. ಹೊರಗಿನಿಂದ ಬಂದು ಇಲ್ಲಿ ಬದುಕುವವನೊಬ್ಬನ ಧ್ವನಿ ಅದರಲ್ಲಿ ಬೇಕು ಎಂದು ಜುಮಾ ಹೇಳಿದ. ನನ್ನ ಕಿವಿ ನಿಮಿರಿತು. ಹೊರಗಿನಿಂದ ಬಂದವನು, ರ‍್ಯಾಪ್ ಬಲ್ಲವನು, ವರ್ಷಗಟ್ಟಲೆ ಚಪ್ಪಾಳೆ ಹಾಕಿದವನು ನಾನಲ್ಲದೆ ಯಾರು? ಎಂಟು ಸಾಲು ಬರೆದೆ. ಆಫೀಸಿನಲ್ಲಿ ಡ್ರಾಯಿಂಗಿನ ಅಂಚಿನಲ್ಲಿ ಬರೆದೆ, ಕಾರಿನಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿಕೊಂಡೆ. ಜೀವಮಾನದಲ್ಲಿ ಇನ್ನೇನನ್ನೂ ನಾನು ಅಷ್ಟು ಆಸೆಪಟ್ಟಿರಲಿಲ್ಲ. ಮುಂದಿನ ಶುಕ್ರವಾರ ಚಹಾ ಕುಡಿಯುತ್ತ ಜುಮಾ ಬಹಳ ಸಂತೋಷದಿಂದ ಹೇಳಿದ, ಆ ಧ್ವನಿ ಸಲೂನಿನ ಚಾಚಾನದು. ಒಪ್ಪುತ್ತಿಲ್ಲ, ನೀನು ಅವನ ಊರಿನವನಲ್ಲವಾ, ಸ್ವಲ್ಪ ಒಪ್ಪಿಸು.

ನನಗೆ ತಡೆಯಲಾಗಲಿಲ್ಲ. ಇವನು ಒಳಗೆ ಯಾರದೋ ತಲೆಯ ಮೇಲೆ ಬಗ್ಗಿದ್ದ, ಕೇಳಿಸುವಂತಿರಲಿಲ್ಲ. ನಮ್ಮ ಕಡೆ ಅವನೇನು ಎಂಬುದು ನಿನಗೆ ಗೊತ್ತಾ ಎಂದು ಶುರು ಮಾಡಿದೆ. ನಮ್ಮ ಮನೆಗೆ ಅವನ ಜಾತಿಯವರು ಮುಂಬಾಗಿಲಿನಿಂದ ಬರುವುದಿಲ್ಲ ಎಂದೆ. ಹಿಂದಿನ ಜಗಲಿಯಲ್ಲಿ ಕೂತು ಕ್ಷೌರ ಮಾಡಿ ಹೋಗುತ್ತಾರೆ, ಅವರು ಮುಟ್ಟಿದ ಮೇಲೆ ನಾವು ಸ್ನಾನ ಮಾಡದೆ ಒಳಗೆ ಕಾಲಿಡುವುದಿಲ್ಲ ಎಂದೆ. ಅಂಥವನ ಧ್ವನಿಯನ್ನು ನಿನ್ನ ಹಾಡಿನಲ್ಲಿ ಹಾಕುತ್ತೀಯಾ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹೇಳಿದ್ದು ಅದನ್ನೇ.

ಜುಮಾ ಚಹಾದ ಲೋಟವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟ. ತನ್ನ ಅಣ್ಣ ಒಬ್ಬ ಹುಡುಗಿಯನ್ನು ಕೇಳಲು ಹೋದ ಕತೆ ಹೇಳಿದ. ಅಣ್ಣನಿಗೆ ಒಳ್ಳೆಯ ಕೆಲಸ, ಸ್ವಂತ ಮನೆ, ಹುಡುಗಿಗೂ ಮನಸ್ಸು. ಅವಳ ತಂದೆ ಕಾಫಿ ಕೊಟ್ಟು, ಖರ್ಜೂರ ಕೊಟ್ಟು, ನಿಮ್ಮ ಅಜ್ಜಂದಿರು ಯಾರ ಮನೆಯಲ್ಲಿ ದುಡಿಯುತ್ತಿದ್ದರು ಎಂದು ಕೇಳಿದನಂತೆ. ಗುಲಾಮರ ವಂಶವೇ ಎಂದು ಇಲ್ಲಿ ಹಾಗೆ ಕೇಳುವುದು. ಅಣ್ಣ ಎದ್ದು ಬಂದ. ಇಷ್ಟು ಹೇಳಿ ಜುಮಾ ನನ್ನನ್ನು ನೇರವಾಗಿ ನೋಡಿದ.

"ನೀನು ಹೇಳಿದ್ದನ್ನು ನಾನು ಅರಬಿಯಲ್ಲಿ ಕೇಳಿದ್ದೇನೆ. ನಿಮ್ಮ ಭಾಷೆಯಲ್ಲೂ ಉಂಟೆಂದು ಗೊತ್ತಿರಲಿಲ್ಲ" ಎಂದ. ಲೋಟದಲ್ಲಿ ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿ, "ಮತ್ತೆ ಇಷ್ಟು ವರ್ಷ ಆ ಹಾಡುಗಳಲ್ಲಿ ನೀನು ಕೇಳಿದ್ದಾದರೂ ಏನು?" ಎಂದ.

ಖಲಾಸ್ ಎಂದು ಕೈ ಕೊಡವಿ ಅವನು ಹೋದ. ನಾನು ಆ ಗಲ್ಲಿಗೆ ಹೋಗುವುದನ್ನೇ ಬಿಟ್ಟೆ. ಆಫೀಸಿನಿಂದ ಬರುವಾಗ ಸುತ್ತು ಹಾಕಿ ಬೇರೆ ರಸ್ತೆಯಲ್ಲಿ ಬರುತ್ತಿದ್ದೆ. ಕೂದಲು ಕಿವಿ ಮುಚ್ಚುವಷ್ಟು ಬೆಳೆಯಿತು. ಅವರು ಆ ಗಲ್ಲಿಯ ಹಾಡನ್ನು ಯಾವ ಹೊರಗಿನವನ ಧ್ವನಿಯೂ ಇಲ್ಲದೆ ಮುಗಿಸಿದರೆಂದು ಯಾರೋ ಹೇಳಿದರು.

ಕೆಲವು ತಿಂಗಳ ಮೇಲೆ ಜುಮಾನಿಂದ ಒಂದು ಮೆಸೇಜು ಬಂತು. ಚಾಚಾ ಊರಿಗೆ ಹೋಗುತ್ತಿದ್ದಾನೆ, ಶುಕ್ರವಾರ ಅಸರ್ ಆದ ಮೇಲೆ ಬಾ. ಅಷ್ಟೇ. ಮೂವತ್ತು ವರ್ಷ ನಿಂತೇ ಕೆಲಸ ಮಾಡಿದ್ದಕ್ಕೆ ಇವನ ಕಾಲಿನ ನರಗಳು ಗಂಟುಗಟ್ಟಿದ್ದವು, ಡಾಕ್ಟರು ಸಾಕು ಎಂದಿದ್ದರು. ಹೋಗಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿ ಹೋದೆ. ಹುಡುಗರು ಸಲೂನಿನ ಕುರ್ಚಿಯನ್ನು ಎತ್ತಿ ತಂದು ಕಟ್ಟೆಯ ಮೇಲಿಟ್ಟಿದ್ದರು. ಇಷ್ಟು ವರ್ಷ ನಮ್ಮ ತಲೆ ನೋಡಿದ್ದೀ, ಇವತ್ತು ನಿನ್ನದು ನಮ್ಮ ಕೈಯಲ್ಲಿ ಎಂಬುದು ಅವರ ಸಂಕಲ್ಪ. ಒಬ್ಬೊಬ್ಬರೂ ಮಷೀನು ಹಿಡಿದು ಒಂದೊಂದು ಗೆರೆ ತೆಗೆಯಬೇಕು. ಆದರೆ ಕುರ್ಚಿ ಖಾಲಿ ಇತ್ತು. ಇವನು ಬಾಗಿಲಿಗೆ ಒರಗಿ ನಿಂತಿದ್ದ.

ಜುಮಾ ನನ್ನನ್ನು ಬದಿಗೆ ಕರೆದ. "ನನ್ನ ಇಷ್ಟದಿಂದ ಕರೆದದ್ದಲ್ಲ. ನೀನು ಬರದಿದ್ದರೆ ಕುರ್ಚಿಯಲ್ಲಿ ಕೂರುವುದಿಲ್ಲ ಅಂದ" ಎಂದ. ಆಮೇಲೆ, ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂಬಂತೆ ಉಳಿದದ್ದನ್ನೂ ಹೇಳಿದ. ಮೊದಲ ವರ್ಷ ನನ್ನನ್ನು ವೃತ್ತದೊಳಗೆ ಬಿಟ್ಟದ್ದು ನನ್ನ ಜ್ಞಾನ ನೋಡಿ ಅಲ್ಲ. ಇವನು ಒಬ್ಬೊಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿಕೊಂಡು, ಕತ್ತರಿ ನಿಲ್ಲಿಸಿ, ಆ ನನ್ನ ಊರಿನವ ಕೆಟ್ಟವನಲ್ಲ, ಸ್ವಲ್ಪ ಜಾಗ ಕೊಡಿ ಎಂದು ಕೇಳಿಕೊಂಡಿದ್ದ. "ಈ ದೇಶದಲ್ಲಿ ನಿನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲ್ ಇರುವ ಹಾಗೆ, ಈ ಕಟ್ಟೆಯ ಮೇಲೆ ನಿನ್ನ ಕಫೀಲ್ ಅವನು. ನಿನಗೆ ಗೊತ್ತಿರಲಿಲ್ಲ ಅಷ್ಟೆ" ಎಂದ ಜುಮಾ.

ನನ್ನನ್ನು ಕಂಡದ್ದೇ ಇವನು ಬಂದು ಕೂತ. ಹುಡುಗರು ನಗುತ್ತ ಒಬ್ಬರ ಮೇಲೊಬ್ಬರು ಬೀಳುತ್ತ ಗೆರೆ ತೆಗೆದರು. ಜುಮಾ ಕಿವಿಯ ಮೇಲೆ ನೂಲು ಹಿಡಿದ ಹಾಗೆ ನೇರವಾಗಿ ತೆಗೆದ. ಕೊನೆಗೆ ಮಷೀನು ನನ್ನ ಕೈಗೆ ಬಂತು. ಆ ತಲೆಯನ್ನು ಮುಟ್ಟಬೇಕಾಯಿತು. ನನ್ನ ತಲೆಯನ್ನು ಅವನು ಎಷ್ಟು ಸಲ ಮುಟ್ಟಿದ್ದನೋ ಲೆಕ್ಕವಿಲ್ಲ, ನಾನು ಅವನನ್ನು ಮುಟ್ಟಿದ್ದು ಅದೇ ಮೊದಲು. ಬಿಸಿಲಿಗೆ ಬೆಚ್ಚಗಾಗಿತ್ತು. ನನ್ನ ಗೆರೆ ಓರೆಯಾಗಿ ಮೇಲಕ್ಕೆ ಓಡಿತು. ಯಾರೋ ನಕ್ಕರು. ನಾನು ಬಗ್ಗಿ, ಅವನಿಗೆ ಮಾತ್ರ ಕೇಳುವ ಹಾಗೆ, ಜುಮಾ ನಿನಗೆ ಹೇಳಿದನಾ ಎಂದು ಕೇಳಿದೆ.

"ಹೇಳಿದ."

"ಎಲ್ಲಾ?"

"ಎಲ್ಲಾ. ನೀವು ಸುಳ್ಳು ಹೇಳಲಿಲ್ಲವಲ್ಲ. ಅಂಥ ಹಿಂದಿನ ಜಗಲಿಗಳಲ್ಲಿ ಕೂತೇ ನನ್ನಪ್ಪ ನಮ್ಮನ್ನು ಸಾಕಿದ್ದು." ಅವನು ತಲೆ ಅಲ್ಲಾಡಿಸಲಿಲ್ಲ, ಕೆಲಸದವನಿಗೆ ಕಷ್ಟವಾಗಬಾರದೆಂದು ಕೂರುವ ಗಿರಾಕಿಯ ಹಾಗೆ ನೇರವಾಗಿ ಕೂತಿದ್ದ. "ಮೊದಲ ವರ್ಷ ನೀವು ಆ ಐಸ್‌ಪೆಟ್ಟಿಗೆ ಹತ್ರ ನಿಂತದ್ದು ನೋಡಿದೆ. ನಾಲ್ಕೈದು ವಾರ. ಹೊರಗೆ ನಿಲ್ಲುವಾಗ ಹೇಗೆ ಆಗ್ತದೆ ಅಂತ ನನಗೆ ಗೊತ್ತುಂಟಲ್ಲ ಮಾರಾಯ್ರೆ. ನೋಡಲಿಕ್ಕೆ ಆಗಲಿಲ್ಲ."

ಮಷೀನು ನನ್ನ ಕೈಯಲ್ಲಿ ಸುಮ್ಮನೆ ಗುಂಯ್ ಎನ್ನುತ್ತಿತ್ತು. ಆಫ್ ಮಾಡಿ, ಕಿವಿ ಹೋದೀತು ಎಂದ. ಮಾಡಿದೆ. ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ನಾಚಿಕೆ ಆಮೇಲೆ, ಮನೆಗೆ ಬಂದ ಮೇಲೆ ಆಯಿತು. ಆ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಾಗ ನನಗಾದದ್ದು ಮತ್ತೆ ಹೊಟ್ಟೆಕಿಚ್ಚೇ. ಅವನ ಜಾಗದಲ್ಲಿ ನಾನಿದ್ದಿದ್ದರೆ, ನನ್ನಂಥವನನ್ನು ಒಳಗೆ ಬಿಡುತ್ತಿರಲಿಲ್ಲ.